ಹದಿಮೂರನೇ ನಂಬರಿನವನ ಎಡಗಾಲು

2017ರ ಮೇ ತಿಂಗಳಲ್ಲಿ ರಿಟೈರಾದೆ. ಅಲ್ಲಿಗೆ ಮಂಡ್ಯ ಸೀಮೆಯ ಹೈಸ್ಕೂಲುಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿದ್ದು ಮೂವತ್ತು ವರ್ಷ. ಕಬಡ್ಡಿ ನನ್ನ ಆಟ, ಮುರಿದ ಕೈಕಾಲು ನೋಡುವುದು ನನ್ನ ಉಪಕಸುಬು. ಸೆಪ್ಟೆಂಬರಿನಲ್ಲಿ ನಾನೂ ನಮ್ಮನೆಯವಳೂ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗನ ಮನೆಗೆ ಹೊರಟೆವು. ನಯಾಗರ, ಲಿಬರ್ಟಿ ಪ್ರತಿಮೆ, ವೈಟ್ ಹೌಸಿನ ಮುಂದೆ ಫೋಟೊ, ಎಲ್ಲಾ ಆಯಿತು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಅಕ್ಟೋಬರ್ 8ರ ಭಾನುವಾರ.

"ಅಪ್ಪ, ನಾಳೆ ಜೈಂಟ್ಸ್ ಮ್ಯಾಚಿಗೆ ಹೋಗೋಣ" ಅಂದ ಮಗ. ಟಿಕೆಟ್ಟಿಗೆ ಎಷ್ಟು ಕೊಟ್ಟೆ ಅಂತ ಕೇಳಿದೆ, ಹೇಳಲಿಲ್ಲ. ಅಲ್ಲಿಗೇ ಅರ್ಥವಾಯಿತು. ಅದು ಅಮೆರಿಕನ್ ಫುಟ್‌ಬಾಲ್ ತಂಡ. ನ್ಯೂಯಾರ್ಕ್ ಜೈಂಟ್ಸ್ ಅಂತ ಹೆಸರು, ಆಡುವುದು ಮಾತ್ರ ನ್ಯೂಜೆರ್ಸಿಯಲ್ಲಿ. ಆ ವರ್ಷ ಆಡಿದ ನಾಲ್ಕೂ ಮ್ಯಾಚು ಸೋತಿದ್ದರು. ಅವತ್ತು ಎದುರಾಳಿ ಲಾಸ್ ಏಂಜಲೀಸ್ ಚಾರ್ಜರ್ಸ್, ಅವರೂ ನಾಲ್ಕಕ್ಕೆ ನಾಲ್ಕು ಸೋತವರೇ. "ಇಬ್ಬರಲ್ಲಿ ಒಬ್ಬರಾದ್ರೂ ಗೆಲ್ಲಲೇಬೇಕಲ್ಲ, ಅದನ್ನ ನೋಡೋಕೆ ಹೋಗ್ತಿರೋದು" ಅಂತ ಸೊಸೆ ನಕ್ಕಳು.

ಹೊರಡುವಾಗಲೇ ಒಂದು ತಕರಾರು. ನಮ್ಮನೆಯವಳು ಬಟ್ಟೆಯ ಕೈಚೀಲದಲ್ಲಿ ಪುಳಿಯೋಗರೆ ಡಬ್ಬಿ ಇಟ್ಟಿದ್ದಳು. ಅಂಥ ಚೀಲ ಒಳಗೆ ಬಿಡೊಲ್ಲ, ಆರಪಾರ ಕಾಣುವ ಪ್ಲಾಸ್ಟಿಕ್ ಚೀಲವೇ ಆಗಬೇಕು ಅಂದ ಮಗ. 2013ರಿಂದ ಎಲ್ಲಾ ಮೈದಾನಗಳಲ್ಲೂ ಅದೇ ಕಾನೂನಂತೆ. ಕೊನೆಗೆ ಪುಳಿಯೋಗರೆ, ಮಜ್ಜಿಗೆ ಮೆಣಸಿನಕಾಯಿ, ನನ್ನ ಬಿ.ಪಿ. ಮಾತ್ರೆ, ಎಲ್ಲವೂ ಊರಿಗೆಲ್ಲಾ ಕಾಣುವ ಹಾಗೆ ಒಂದು ಚೀಲದಲ್ಲಿ ತೂಗಾಡುತ್ತಾ ಹೊರಟವು. ಹೆಂಗಸರಿಬ್ಬರೂ ಚೀಲ ನಮ್ಮ ಕೈಗೆ ಕೊಟ್ಟು ಮನೆಯಲ್ಲೇ ಉಳಿದರು.

ಮೆಟ್ರೋಪಾರ್ಕ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಸಿಕಾಕಸ್‌ನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ಎರಡನೇ ರೈಲು ಬರೀ ಮ್ಯಾಚಿನ ಜನಕ್ಕೇ. ಡಬ್ಬಿ ತುಂಬಾ ನೀಲಿ ಬನಿಯನ್ನುಗಳು, ಬೆನ್ನ ಮೇಲೆ 10 ಇಲ್ಲವೇ 13. ಹತ್ತು ಅಂದರೆ ಈಲೈ ಮ್ಯಾನಿಂಗ್, ಚೆಂಡು ಎಸೆಯುವವನು. ಹದಿಮೂರು ಓಡೆಲ್ ಬೆಕಮ್ ಜೂನಿಯರ್, ಹಿಡಿಯುವವನು. ಕಿಟಕಿಯಾಚೆ ಎತ್ತ ನೋಡಿದರೂ ಜೊಂಡು ಬೆಳೆದ ಜೌಗು, ಅದರಾಚೆ ಮಂಜಿನಲ್ಲಿ ಮ್ಯಾನ್‌ಹಟನ್ನಿನ ಕಟ್ಟಡಗಳು. ಕೆರೆ ಹಿನ್ನೀರಲ್ಲಿ ಯಾರೋ ತಂದು ಸ್ಟೇಡಿಯಂ ಇಳಿಸಿದ ಹಾಗಿದೆ ಜಾಗ. ಇಲ್ಲಿದ್ದ ಹಳೆಯ ಸ್ಟೇಡಿಯಮ್ಮಿನ ಕೆಳಗೆ ಜಿಮ್ಮಿ ಹೋಫಾ ಎಂಬ ಕಾರ್ಮಿಕ ನಾಯಕನ ಹೆಣ ಹೂತಿದ್ದಾರೆ ಅಂತ ಒಂದು ಪುಕಾರು ಬಹಳ ಕಾಲ ಓಡಾಡಿತ್ತಂತೆ. ಪಕ್ಕದಲ್ಲೇ 82,500 ಜನ ಕೂರುವ ಮೆಟ್‌ಲೈಫ್ ಸ್ಟೇಡಿಯಂ ಕಟ್ಟಿ, 2010ರಲ್ಲಿ ಹಳೆಯದನ್ನು ಕೆಡವಿದರು. ಹೆಣವೇನೂ ಸಿಗಲಿಲ್ಲ.

ಪಾರ್ಕಿಂಗ್ ಜಾಗದಲ್ಲಿ ಜಾತ್ರೆ. ಕಾರಿನ ಡಿಕ್ಕಿ ತೆಗೆದು, ಒಲೆ ಹೂಡಿ, ಮಾಂಸ ಸುಡುತ್ತಿದ್ದಾರೆ. ಹೊಗೆಯಲ್ಲಿ ಕಣ್ಣು ಉರಿಯಿತು. ನಮ್ಮ ಕಡೆ ಹಬ್ಬದಲ್ಲಿ ತೋಪಿಗೆ ಹೋಗಿ ಮರಿ ಕಡಿದು ಅಡಿಗೆ ಮಾಡುತ್ತಾರಲ್ಲ, ಥೇಟ್ ಹಾಗೇ. ದೇವರು ಮಾತ್ರ ಬೇರೆ.

ನಮ್ಮ ಸೀಟು ಮೇಲಿನ ಅಂತಸ್ತಿನಲ್ಲಿ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಯಜಮಾನರು, ಹತ್ತನೇ ನಂಬರಿನ ಬನಿಯನ್ನು, ಕೊರಳಲ್ಲಿ ದುರ್ಬೀನು. ಜೈಂಟ್ಸ್ ಯಾಂಕಿ ಸ್ಟೇಡಿಯಮ್ಮಿನಲ್ಲಿ ಆಡುತ್ತಿದ್ದ ಕಾಲದಿಂದ ನೋಡುತ್ತಿದ್ದಾರಂತೆ. ಅವರೇ ನನಗೆ ಆಟ ಹೇಳಿಕೊಟ್ಟರು. ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ. ಅಷ್ಟೇ. ಉಳಿದದ್ದೆಲ್ಲಾ ಅದರ ಒಗ್ಗರಣೆ.

ರಾಷ್ಟ್ರಗೀತೆಗೆ ಎಲ್ಲರೂ ಎದ್ದರು. ಆದರೆ ಎದ್ದವರ ಕಣ್ಣು ಬಾವುಟದ ಮೇಲಿರಲಿಲ್ಲ. ಯಜಮಾನರು ದುರ್ಬೀನು ಹಿಡಿದು ಅಂಚಿನಲ್ಲಿ ಸಾಲಾಗಿ ನಿಂತ ಆಟಗಾರರನ್ನೇ ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದರು, ಯಾರು ನಿಂತಿದ್ದಾನೆ, ಯಾರು ಮಂಡಿಯೂರಿದ್ದಾನೆ ಅಂತ. ನನಗೆ ಆ ಎತ್ತರದಿಂದ ಎಲ್ಲರೂ ಇರುವೆ ಸಾಲು.

ಈ ಎಣಿಕೆ ಯಾಕೆ ಅಂತ ಮಗ ರೈಲಿನಲ್ಲೇ ಹೇಳಿದ್ದ. ಹಿಂದಿನ ವರ್ಷ, 2016ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆ ನುಡಿಸುವಾಗ ಬೆಂಚಿನ ಮೇಲೆ ಕೂತೇ ಇದ್ದ. ಪೊಲೀಸರ ಕೈಯಲ್ಲಿ ಕಪ್ಪು ಜನ ಸಾಯುತ್ತಿರುವುದಕ್ಕೆ ಅವನ ಪ್ರತಿಭಟನೆ ಅದು. ಸೈನ್ಯದಲ್ಲಿದ್ದು ಬಂದು ಫುಟ್‌ಬಾಲ್ ಆಡಿದ ನೇಟ್ ಬೋಯರ್ ಎಂಬುವನು, ಕೂರಬೇಡ, ಮಂಡಿಯೂರು, ಸತ್ತ ಸೈನಿಕನ ಸಮಾಧಿಯ ಮುಂದೆ ನಾವು ಮಾಡುವುದು ಹಾಗೆ ಅಂತ ಸಲಹೆ ಕೊಟ್ಟನಂತೆ. ಮುಂದಿನ ಪಂದ್ಯದಿಂದ ಕೆಪರ್ನಿಕ್ ಮಂಡಿಯೂರಿದ. ಜಗಳ ಆಗಬಾರದು ಅಂತ ಹುಡುಕಿದ ದಾರಿ, ಅದರಿಂದಲೇ ಜಗಳ. ತಂಡವನ್ನು ಸೂಪರ್ ಬೌಲ್ ಫೈನಲ್ಲಿಗೆ ಕೊಂಡೊಯ್ದಿದ್ದ ಹುಡುಗನನ್ನು ನಾವು ಹೋದ ಹೊತ್ತಿಗೆ ಮೂವತ್ತೆರಡು ತಂಡದಲ್ಲಿ ಒಂದೂ ಕರೆದಿರಲಿಲ್ಲ. ಸೆಪ್ಟೆಂಬರ್ 22ರಂದು ಅಧ್ಯಕ್ಷ ಟ್ರಂಪ್ ಅಲಬಾಮಾದ ಸಭೆಯೊಂದರಲ್ಲಿ, ಮಂಡಿಯೂರುವವರನ್ನು ಮಾಲೀಕರು ಮೈದಾನದಿಂದ ಓಡಿಸಬೇಕು ಎಂದು ಬೈದ ಮೇಲೆ ಆ ಭಾನುವಾರ ಒಂದೇ ದಿನ ಇನ್ನೂರಕ್ಕೂ ಹೆಚ್ಚು ಆಟಗಾರರು ಕೂತರು ಇಲ್ಲವೇ ಮಂಡಿಯೂರಿದರು.

ನಾನು ಸೀದಾ ನಿಂತಿದ್ದೆ, ಪಿ.ಟಿ. ಮೇಷ್ಟ್ರ ಅಭ್ಯಾಸ. ಆದರೆ ಮನಸ್ಸು ಮಂಡ್ಯದ ಸಿನಿಮಾ ಥಿಯೇಟರಿಗೆ ಹೋಗಿತ್ತು. ಸುಪ್ರೀಂ ಕೋರ್ಟಿನ 2016ರ ನವೆಂಬರ್ 30ರ ಆದೇಶದ ಮೇಲೆ ನಮ್ಮಲ್ಲೂ ಆಗ ಸಿನಿಮಾಕ್ಕೆ ಮುಂಚೆ ಜನಗಣಮನ ಕಡ್ಡಾಯ. ಪಾಪ್‌ಕಾರ್ನ್ ಹಿಡಿದುಕೊಂಡೇ ಏಳುವವರು, ಏಳದವರನ್ನು ತಿರುಗಿ ತಿರುಗಿ ನೋಡುವವರು. ಅಲ್ಲೂ ಪರದೆಗಿಂತ ಪಕ್ಕದವನ ಮೇಲೇ ಎಲ್ಲರ ಕಣ್ಣು. (2018ರ ಜನವರಿಯಲ್ಲಿ ಆ ಕಡ್ಡಾಯ ಹೋಯಿತು.) ಗೀತೆ ಮುಗಿದದ್ದೇ ಯಜಮಾನರು ದುರ್ಬೀನು ಇಳಿಸಿ, "ಸದ್ಯ, ಆಟ ನೋಡೋಣ" ಎಂಬರ್ಥದ್ದೇನೋ ಅಂದರು.

ಆಟ ನೋಡುವುದೆಲ್ಲಿ ಬಂತು! ಗಡಿಯಾರದಲ್ಲಿ ಆಟ ಒಂದು ಗಂಟೆ, ನಾವು ಕೂತದ್ದು ಮೂರು ಗಂಟೆಗೂ ಮೇಲೆ. ಕಿತ್ತಳೆ ಬಣ್ಣದ ತೋಳಿನ ಒಬ್ಬ ಮೈದಾನದ ಅಂಚಿಗೆ ಬಂದು ನಿಲ್ಲುತ್ತಾನೆ. ಅವನು ನಿಂತಿರುವಷ್ಟು ಹೊತ್ತೂ ಟಿ.ವಿ.ಯಲ್ಲಿ ಜಾಹೀರಾತು. ಇಪ್ಪತ್ತೆರಡು ಜನ ದೈತ್ಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ಇವನೊಬ್ಬ ಪಕ್ಕಕ್ಕೆ ಸರಿಯಲಿ ಅಂತ ಕಾಯುತ್ತಾರೆ. ಇಡೀ ಮೈದಾನದಲ್ಲಿ ಕೆಲಸ ಭದ್ರವಾಗಿರುವವನು ಬಹುಶಃ ಅವನೊಬ್ಬನೇ.

ಅಂಥದ್ದೊಂದು ಬಿಡುವಿನಲ್ಲಿ ಮಗನ ಫೋನಿಗೆ ಸುದ್ದಿ ಬಂತು. ಇಂಡಿಯಾನಾಪೊಲಿಸ್‌ನ ಪಂದ್ಯಕ್ಕೆ ಹೋಗಿದ್ದ ಉಪಾಧ್ಯಕ್ಷ ಮೈಕ್ ಪೆನ್ಸ್, ಸ್ಯಾನ್ ಫ್ರಾನ್ಸಿಸ್ಕೊ ಆಟಗಾರರು ಮಂಡಿಯೂರಿದ್ದು ಕಂಡು ಎದ್ದು ಹೊರಟುಹೋದರಂತೆ. ಹಾಗೆ ಹೊರಟು ಬಾ ಅಂತ ಮೊದಲೇ ಹೇಳಿಕಳಿಸಿದ್ದು ನಾನೇ ಅಂತ ಅಧ್ಯಕ್ಷರೇ ಟ್ವೀಟ್ ಮಾಡಿದರು. ನಮ್ಮ ಹಿಂದಿನ ಸಾಲಿನಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬಳು ಮುಖ ತಿರುಗಿಸಿದಳು. ಯಜಮಾನರು ಮಾತಾಡದೆ ನನ್ನ ಡಬ್ಬಿಯಿಂದ ಇನ್ನೊಂದು ಚಮಚ ಪುಳಿಯೋಗರೆ ತೆಗೆದುಕೊಂಡರು.

ಇನ್ನು ಪೆಟ್ಟಿನ ವಿಷಯ. ಚೆಂಡು ಹಿಡಿಯುವುದಕ್ಕೆಂದೇ ಜೈಂಟ್ಸ್ ಕಡೆ ಅವತ್ತು ಐದು ಜನ ಇದ್ದರು. ಸ್ಟರ್ಲಿಂಗ್ ಶೆಪರ್ಡ್ ಕಾಲಿನ ಹರಡು ಹೊರಳಿ ಹೋದ. ಬ್ರ್ಯಾಂಡನ್ ಮಾರ್ಷಲ್, ಅವನದೂ ಹರಡೇ. ಡ್ವೇನ್ ಹ್ಯಾರಿಸ್‌ಗೆ ಪಾದದ ಮೂಳೆ ಮುರಿಯಿತು. ಒಬ್ಬೊಬ್ಬರೇ ಕುಂಟುತ್ತಾ ಒಳಗೆ ಹೋಗುವುದನ್ನು ನೋಡುತ್ತಾ ನಾನು ಬೆರಳು ಮಡಚುತ್ತಿದ್ದೆ. ಕಬಡ್ಡಿಯಲ್ಲಿ ಒಬ್ಬ ಔಟಾದರೆ ಅಂಚಿನಲ್ಲಿ ಕೂತು ಕಾಯುತ್ತಾನೆ. ತನ್ನವರು ಒಂದು ಪಾಯಿಂಟ್ ತಂದರೆ ಅವನಿಗೆ ಮತ್ತೆ ಜೀವ. ಇಲ್ಲಿ ಹೋದವನು ಹೋದ. 53 ಜನರ ಪಟ್ಟಿಯಲ್ಲಿ ಮುಂದಿನ ಹೆಸರು ಬರುತ್ತದೆ.

ಆಟದ ನಾಲ್ಕನೇ, ಅಂದರೆ ಕೊನೆಯ, ಕಾಲುಭಾಗ. ಮ್ಯಾನಿಂಗ್ ಎಸೆದ ಚೆಂಡು ಎತ್ತರಕ್ಕೆ ಹೋಯಿತು. ಹದಿಮೂರನೆಯವನು ನೆಗೆದ. ಇಳಿಯುವಾಗ ಚಾರ್ಜರ್ಸ್‌ನ ಕೇಸಿ ಹೇವರ್ಡ್ ಅವನ ಮೇಲೆ ಬಿದ್ದ, ಅಡಿಯಲ್ಲಿ ಎಡಗಾಲು ಸಿಕ್ಕಿಕೊಂಡಿತು. ದೊಡ್ಡ ಪರದೆಯ ಮೇಲೆ ಕಂಡದ್ದು ಒಂದೇ ಕ್ಷಣ. ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಎಂಬತ್ತು ಸಾವಿರ ಜನರ ಗದ್ದಲ ನಲ್ಲಿ ನಿಲ್ಲಿಸಿದ ಹಾಗೆ ನಿಂತಿತು.

"ಟ್ವಿಸ್ಟ್ ಆಗಿರಬೇಕು ಅಲ್ವಾ ಅಪ್ಪ?" ಅಂದ ಮಗ.

"ಮೂಳೆ ಕಣ್ಲಾ" ಅಂದೆ. ಬಿದ್ದವನ ಕೈ ಎಲ್ಲಿ ಹೋಗುತ್ತೆ ನೋಡಬೇಕು. ಕಾಲು ಮುಟ್ಟಿಕೊಂಡು ಉಜ್ಜಿದರೆ ಉಳುಕು. ಕಾಲಿನಿಂದ ಕೈ ದೂರ ಇಟ್ಟು ಮುಖ ಮುಚ್ಚಿಕೊಂಡರೆ ಮೂಳೆ. ಇನ್ನು ಯಾರೂ ಮುಟ್ಟದೇ ಒಬ್ಬ ತಾನಾಗಿ ಕುಸಿದರೆ ಅದು ಮಂಡಿಯ ಲಿಗಮೆಂಟು. ನಮ್ಮ ಹುಡುಗರನ್ನು ನಾಟಿ ವೈದ್ಯರ ಹತ್ತಿರ ಕಟ್ಟು ಕಟ್ಟಿಸಲು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ಹೋಗಿ ಕಲಿತದ್ದು ಇಷ್ಟು.

ಇಪ್ಪತ್ನಾಲ್ಕರ ಹುಡುಗ. ಟವೆಲ್ಲಿನಲ್ಲಿ ಮುಖ ಮುಚ್ಚಿ ಅಳುತ್ತಾ ಗಾಡಿಯ ಮೇಲೆ ಹೋದ. ಗಾಡಿ ಸುರಂಗದ ಬಾಯಿ ದಾಟಿದ ಮೇಲೆ ಆಟ ಶುರುವಾಯಿತು. ಹಿಡಿಯುವವರಲ್ಲಿ ಉಳಿದಿದ್ದವನು ರೋಜರ್ ಲೂಯಿಸ್ ಒಬ್ಬನೇ. 27–22ಕ್ಕೆ ಸೋತರು.

ಜನದ ಸಿಟ್ಟೆಲ್ಲಾ ಕೋಚ್ ಬೆನ್ ಮ್ಯಾಕಡೂ ಮೇಲೆ. ಅವನ ಕೈಯಲ್ಲೊಂದು ಲ್ಯಾಮಿನೇಟ್ ಮಾಡಿದ ಹಾಳೆ, ನಮ್ಮ ದರ್ಶಿನಿಗಳ ಮೆನು ಕಾರ್ಡಿನಷ್ಟು ದೊಡ್ಡದು. ಅದರಲ್ಲಿ ನೋಡಿ ನೋಡಿ ಮುಂದಿನ ಪಟ್ಟು ಕೂಗುತ್ತಾನೆ, ಬಾಯಿ ಓದಿಯಾರು ಅಂತ ಅದನ್ನೇ ಅಡ್ಡ ಹಿಡಿಯುತ್ತಾನೆ. ಹಿಂದಿನ ವರ್ಷ, ಅವನ ಮೊದಲ ವರ್ಷದಲ್ಲೇ, ತಂಡ ಹದಿನಾರರಲ್ಲಿ ಹನ್ನೊಂದು ಗೆದ್ದಿತ್ತು. "ಇವನನ್ನು ಕಳಿಸಿ" ಅಂತ ಇಳಿಯುವ ಮೆಟ್ಟಿಲುಗಳ ಮೇಲೆಲ್ಲಾ ಅದೇ ಮಾತು. ನನಗೆ ಅವನ ಮೇಲೆ ಕನಿಕರ ಬಂತು, ಒಪ್ಪಿಕೊಳ್ಳುತ್ತೇನೆ. ನಾನೂ ಒಮ್ಮೆ ವಿಭಾಗ ಮಟ್ಟದಲ್ಲಿ ಸೋತು ಬಂದಾಗ ಶಾಲೆಯವರು ಎರಡು ವರ್ಷ ತಂಡ ನನ್ನ ಕೈಗೆ ಕೊಡಲಿಲ್ಲ. ಅವತ್ತು ನಮ್ಮ ಮುಖ್ಯ ರೇಡರ್‌ಗೆ ಜ್ವರ ಇತ್ತು ಅಂತ ಯಾರೂ ಕೇಳಲಿಲ್ಲ.

ರಾತ್ರಿ ಮನೆಯಲ್ಲಿ ಟಿ.ವಿ. ಹಾಕಿದರೆ ಹ್ಯೂಸ್ಟನ್ ತಂಡದ ಜೆ.ಜೆ. ವಾಟ್ ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡು ಹೊರಗೆ ಬಂದ. ಚಂಡಮಾರುತದ ಸಂತ್ರಸ್ತರಿಗೆ 3.7 ಕೋಟಿ ಡಾಲರ್ ಒಟ್ಟುಮಾಡಿಕೊಟ್ಟ ಪುಣ್ಯಾತ್ಮ ಅವನು. ಇನ್ನೊಂದು ಸುದ್ದಿಯಲ್ಲಿ ಡಲ್ಲಾಸ್ ತಂಡದ ಮಾಲೀಕ ಜೆರ್ರಿ ಜೋನ್ಸ್, ಬಾವುಟಕ್ಕೆ ಅಗೌರವ ತೋರಿಸಿದವನನ್ನು ಆಡಿಸುವುದಿಲ್ಲ ಅಂತ ಹೇಳಿದ್ದ. "ಆಟದಲ್ಲಿ ರಾಜಕೀಯ ಯಾಕೆ ಬೇಕಿತ್ತು?" ಅಂದ ಮಗ. ಸೊಸೆ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. "ಉಪಾಧ್ಯಕ್ಷ ಎದ್ದುಹೋಗಿದ್ದು ರಾಜಕೀಯ ಅಲ್ವಾ? ಮಾವ, ನೀವೇ ಹೇಳಿ." ನಾನು ಏನೂ ಹೇಳಲಿಲ್ಲ. ಆ ದೇಶದ ಅನ್ನ ತಿನ್ನುವವರು ಅವರು, ನಾನು ಆರು ತಿಂಗಳ ವೀಸಾದವನು. ಆದರೆ ನನಗೆ ಸೊಸೆಯ ಮಾತೇ ಸರಿ ಅನಿಸಿತ್ತು, ಈಗಲೂ ಅನಿಸುತ್ತದೆ.

ಮುಂದಿನ ವಾರ ಪಟ್ಟು ಕೂಗುವ ಕೆಲಸವನ್ನು ಮ್ಯಾಕಡೂ ಬೇರೊಬ್ಬನಿಗೆ ಬಿಟ್ಟುಕೊಟ್ಟ. ಹಿಡಿಯುವವರಿಲ್ಲದ ಆ ತಂಡ ಡೆನ್ವರ್‌ಗೆ ಹೋಗಿ 23–10ಕ್ಕೆ ಗೆದ್ದುಬಿಟ್ಟಿತು! ಆಮೇಲೆ ಮತ್ತೆ ಸೋಲು. ನವೆಂಬರ್ ಕೊನೆಯಲ್ಲಿ ಮ್ಯಾನಿಂಗ್‌ನನ್ನೇ ಕೂರಿಸಿದರು. 2004ರಿಂದ ಒಂದೂ ತಪ್ಪದೆ 210 ಲೀಗ್ ಪಂದ್ಯ ಆಡಿದವನು, ಎರಡು ಸೂಪರ್ ಬೌಲ್ ಗೆಲ್ಲಿಸಿಕೊಟ್ಟವನು. ನ್ಯೂಜೆರ್ಸಿಗೆ ಸೂತಕ ಬಂದ ಹಾಗಾಯಿತು. ಡಿಸೆಂಬರ್ 4ರ ಸೋಮವಾರ ಕೋಚನ್ನೂ, ಆಟಗಾರರನ್ನು ಆರಿಸುತ್ತಿದ್ದ ಮ್ಯಾನೇಜರ್ ಜೆರ್ರಿ ರೀಸ್‌ನನ್ನೂ ಮನೆಗೆ ಕಳಿಸಿದರು. ಸೀಸನ್ನಿನ ನಡುವೆ ಜೈಂಟ್ಸ್ ಕೋಚನ್ನು ತೆಗೆದದ್ದು 1976ರ ಮೇಲೆ ಅದೇ ಮೊದಲು. ಮುಂದಿನ ಭಾನುವಾರ ಮ್ಯಾನಿಂಗ್ ಮತ್ತೆ ಆಡಿದ, ಮತ್ತೆ ಸೋತರು.

ನಾವು ಊರಿಗೆ ಬಂದೆವು. ಆಮೇಲೆ ಮಗ ಎರಡು ವರ್ಷಕ್ಕೊಮ್ಮೆ ಫೋನ್ ಮಾಡಿ "ಅಪ್ಪ, ಇವನನ್ನೂ ತೆಗೆದ್ರು" ಅನ್ನುತ್ತಿದ್ದ. 2019ರ ಡಿಸೆಂಬರಿನಲ್ಲಿ ಹೊಸ ಕೋಚ್ ಪ್ಯಾಟ್ ಶರ್ಮರ್, 2022ರ ಜನವರಿಯಲ್ಲಿ ಜೋ ಜಡ್ಜ್. ಕೆಪರ್ನಿಕ್ ಲೀಗಿನ ಮೇಲೆ ಹಾಕಿದ್ದ ದೂರು 2019ರಲ್ಲಿ ರಾಜಿಯಾಯಿತು, ಆಟ ಮಾತ್ರ ಸಿಗಲಿಲ್ಲ. ಹದಿಮೂರನೆಯವನು ಕ್ಲೀವ್‌ಲ್ಯಾಂಡಿಗೆ ಹೋಗಿ 2020ರಲ್ಲಿ ಅದೇ ಎಡಗಾಲಿನ ಮಂಡಿ ಕಳೆದುಕೊಂಡು, ಮತ್ತೆ ಎದ್ದು, ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದ.

2022ರ ಫೆಬ್ರವರಿ 14ರ ಬೆಳಗಿನ ಜಾವ ಐದಕ್ಕೆ ಅಲಾರಾಂ ಇಟ್ಟು ಎದ್ದೆ. ಸೂಪರ್ ಬೌಲ್. ಮಗ ಆ ಕಡೆ ವೀಡಿಯೊ ಕಾಲ್‌ನಲ್ಲಿ. ಪಂದ್ಯದ ಮೊದಲ ಟಚ್‌ಡೌನ್, ಅಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿದ್ದು, ಬೆಕಮ್‌ನದೇ. ನಮ್ಮನೆಯವಳು ಎದ್ದು ಬರುವ ಹಾಗೆ ಕೂಗಿಬಿಟ್ಟೆ. ಆಟದ ಎರಡನೇ ಕಾಲುಭಾಗದಲ್ಲಿ ಹಿಂದಕ್ಕೆ ಬಂದ ಚೆಂಡಿಗೆ ತಿರುಗಿ ಕೈಚಾಚಿದ. ಹತ್ತಿರ ಇದ್ದವರು ಯಾರೂ ಮುಟ್ಟಲಿಲ್ಲ. ಚೆಂಡು ಜಾರಿತು, ಎಡ ಮಂಡಿ ಹಿಡಿದುಕೊಂಡು ಕುಸಿದ.

"ಟ್ವಿಸ್ಟ್ ಆಗಿರಬೇಕು ಅಪ್ಪ, ಎದ್ದು ಬರ್ತಾನೆ ಬಿಡು."

"ಇಲ್ಲ ಕಣ್ಲಾ, ಯಾರೂ ಮುಟ್ಟಲಿಲ್ಲ ಅವನನ್ನ" ಅಂದೆ.