ರಾಜ ಬಂದಳು

"ಕಾಜುಲ್ ಹೆಣ್ಣಲ್ವಾ? ಹಾಗಿದ್ರೆ ರಾಣಿ ಅನ್ಬೇಕಲ್ವಾ?"

ಭಾನುವಾರ ಮಕ್ಕಳಿಗೆ ಕಥೆ ಓದುತ್ತಿದ್ದಾಗ ಎಂಟು ವರ್ಷದ ಹುಡುಗಿ ಎದ್ದು ನಿಂತು ಕೇಳಿದ್ದು. ಇನ್ನೂ ತಲೆಯಿಂದ ಹೋಗಿಲ್ಲ. "ಹೂಂ ಪುಟ್ಟಾ, ರಾಣಿ ಅಂತ್ಲೇ ಇಟ್ಕೋ" ಅಂದುಬಿಟ್ಟರು ಪಕ್ಕದಲ್ಲಿದ್ದ ಅವಳಮ್ಮ. ಪ್ರೀತಿಯ ಮಾತೇ, ಆದರೆ ಅವಸರದ್ದು. ಮಗು ಕಥೆಯ ನಾಡಿಯನ್ನೇ ಹಿಡಿದಿತ್ತು.

ಓದುತ್ತಿದ್ದದ್ದು ಪೆಟ್ರೀಷಿಯಾ ಸಿ. ರೀಡಿ ಅವರ 1990ರ ಕಾದಂಬರಿ 'ಡೀಲಿಂಗ್ ವಿತ್ ಡ್ರ್ಯಾಗನ್ಸ್', ಕನ್ನಡದಲ್ಲಿ ಹೇಳಿಕೊಂಡು. ಲಿಂಡರ್‌ವಾಲ್ ರಾಜನ ಏಳನೇ ಮಗಳು ಸಿಮೊರೀನ್. ಕತ್ತಿವರಸೆ, ಮಾಟ, ಲ್ಯಾಟಿನ್, ಅಡುಗೆ, ಏನು ಕಲಿಯಹೊರಟರೂ ಅಪ್ಪನ ಅಡ್ಡಿ. ಒಲ್ಲದ ಮದುವೆ ಗಟ್ಟಿಯಾದಾಗ ತಾನಾಗಿ ಹೋಗಿ ಕಾಜುಲ್ ಎಂಬ ಡ್ರ್ಯಾಗನ್ ಬಳಿ ಕೆಲಸಕ್ಕೆ ಸೇರುತ್ತಾಳೆ. 'ಕಾಪಾಡಲು' ಬರುವ ವೀರರನ್ನು ವಾಪಸ್ ಕಳಿಸುವುದೇ ಅವಳಿಗೆ ದೊಡ್ಡ ತಲೆನೋವು. ಮಂತ್ರವಾದಿಯನ್ನು ಕರಗಿಸಲು ಇಲ್ಲಿ ಒಂದು ಬಕೆಟ್ ಸೋಪಿನ ನೀರು, ಅದಕ್ಕೊಂದಿಷ್ಟು ನಿಂಬೆರಸ ಸಾಕು.

ಈ ಡ್ರ್ಯಾಗನ್‌ಗಳಲ್ಲಿ 'ರಾಜ' ಒಂದು ಹುದ್ದೆಯ ಹೆಸರು. 'ಕಾಲಿನ್‌ನ ಕಲ್ಲು' ಎಂಬ ಕಲ್ಲನ್ನು ಹೊತ್ತು 'ಮಾಯವಾಗುವ ಬೆಟ್ಟ'ಕ್ಕೆ ಮುಟ್ಟಿಸಿದವರು ರಾಜ. ಹೆಣ್ಣೋ ಗಂಡೋ ಯಾರೂ ಕೇಳುವುದಿಲ್ಲ. ಹಾಗೇ ಹೆಣ್ಣು ಡ್ರ್ಯಾಗನ್ ಕಾಜುಲ್ ರಾಜ ಆಗುತ್ತಾಳೆ.

ಕನ್ನಡದಲ್ಲಿ ಎಡವುವುದು ಕ್ರಿಯಾಪದದಲ್ಲಿ. "ರಾಜ ಬಂದ" ಅಂದರೆ ಕಾಜುಲ್ ಗಂಡಾದಳು. "ಬಂತು" ಅಂದರೆ ಬರೀ ಪ್ರಾಣಿ. "ರಾಣಿ ಬಂದಳು" ಅಂದರೆ ತಮಾಷೆಯೇ ಸತ್ತಿತು. "ರಾಜ ಬಂದಳು" ಅಂತಲೇ ಓದಬೇಕು, ದನಿಯಲ್ಲಿ ನಗು ಸುಳಿಯಬಾರದು. ಓದುವವರು ನಕ್ಕರೆ ಮಕ್ಕಳಿಗೆ ಅದು ತಪ್ಪು ಅನ್ನಿಸುತ್ತದೆ. 'ದೊರೆ' ಅಂತ ಜಾರಿಕೊಳ್ಳಬಹುದಿತ್ತು, ಆದರೆ ಆಗ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಷ್ಟಕ್ಕೂ ನಮಗಿದು ಹೊಸದಲ್ಲ. 2007ರಲ್ಲಿ ಪ್ರತಿಭಾ ಪಾಟೀಲ್ ಆದದ್ದೂ ರಾಷ್ಟ್ರ'ಪತಿ'ಯೇ, 2022ರಲ್ಲಿ ದ್ರೌಪದಿ ಮುರ್ಮು ಆದದ್ದೂ ಅದೇ. ದೊಡ್ಡವರ ಬಾಯಲ್ಲಿ ಸಲೀಸಾಗಿ ಬರುವ ಪದ, ಮಗುವಿನ ಕಥೆಗೆ ಬಂದಾಗ ಮಾತ್ರ ಯಾಕೆ ತಿದ್ದಬೇಕು?

"ರಾಜ ಅನ್ನೋದು ಕೆಲಸದ ಹೆಸರು, ರಾಣಿ ಅನ್ನೋದು ಬೇರೆ ಕೆಲಸ" ಅಂದೆ. ಹುಡುಗಿ ಕೂತಳು. ಮತ್ತೆ ಎದ್ದಳು.

"ಹಾಗಿದ್ರೆ ರಾಣಿ ಕೆಲ್ಸ ಯಾರು ಮಾಡ್ತಾರೆ?"

ಪುಸ್ತಕದಲ್ಲೇ ಇದೆ ಉತ್ತರ. ಆ ಹುದ್ದೆ ಖಾಲಿ ಬಿದ್ದಿದೆ. ಹಿಂದೆ ಒರಾನ್ ಮಾಡುತ್ತಿದ್ದ, ರೆಕ್ಕೆ ಹರಿದು ನಿವೃತ್ತನಾದ.

"ಮಾಡ್ತಿದ್ದ್‌ನಾ?" ಅಂತ ಅವಳಮ್ಮನೇ ಕೇಳಿದರು.