26 ಎಲ್ಲಿಂದ ಬಂತು?

ಗೋಪಿ ಸರ್ಕಲ್ ಹತ್ತಿರ ಕಾಫಿಗೆ ನಿಂತಿದ್ದೆವು. ತಮ್ಮ ಮೊಬೈಲ್ ಮುಂದೆ ಹಿಡಿದ. ಬಿಟ್ಟ ಕೆಲಸದ ಫೈನಲ್ ಸೆಟಲ್‌ಮೆಂಟ್ ಲೆಕ್ಕ.

"ಅಕ್ಕಾ, ತಿಂಗಳಿಗೆ 30 ದಿನ ಅಲ್ವಾ? ಕೆಲಸ ಬಿಡುವಾಗ ಕೊಡೋ ಗ್ರಾಚ್ಯುಟಿಗೆ ಯಾಕೆ 26ರಿಂದ ಭಾಗಿಸಿದ್ದಾರೆ?"

ಅದು ಮೋಸ ಅಲ್ಲ ಮಾರಾಯ, ನಿನಗೇ ಲಾಭ. 30ರಲ್ಲಿ ನಾಲ್ಕು ಭಾನುವಾರ ಕಳೆದರೆ 26. ಕೊನೆಯ ತಿಂಗಳ ಬೇಸಿಕ್ ಸಂಬಳ, ತುಟ್ಟಿಭತ್ಯೆ (ಡಿಎ) ಕೂಡಿಸಿ 26ರಿಂದ ಭಾಗಿಸಬೇಕು. ಬಂದಿದ್ದನ್ನ 15ರಿಂದ, ಆಮೇಲೆ ಸರ್ವಿಸಿನ ವರ್ಷಗಳಿಂದ ಗುಣಿಸಬೇಕು. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿದ್ದ ಲೆಕ್ಕ ಇದು.

ನನ್ನ ಕಣ್ಣು ಹೋಗಿದ್ದು ಕೆಳಗಿನ ಸಾಲಿಗೆ. ನೋಟಿಸ್ ಪೀರಿಯಡ್ ಕಡಿತ! ಇವನು ರಾಜೀನಾಮೆ ಕೊಟ್ಟ ಮೇಲೂ ನೋಟಿಸಿನ ಕೊನೇ ದಿನದ ತನಕ ದುಡಿದೇ ಬಂದವನು. ಉಳಿದ ರಜೆಯ ದುಡ್ಡಂತೂ ಎಲ್ಲೂ ಕಾಣಲಿಲ್ಲ. ಕೊಡೋದು ಮರೆಯುತ್ತೆ, ಕಳೆಯೋದು ಮಾತ್ರ ಎಷ್ಟು ಚೆನ್ನಾಗಿ ನೆನಪಿರುತ್ತೆ ನೋಡಿ ಇವರಿಗೆ.

ಎಚ್ಆರ್‌ಗೆ ಫೋನ್ ಮಾಡ್ತೀನಿ ಅಂದ.

ಸುಮ್ನಿರು, ಮೇಲ್ ಹಾಕು ಅಂದೆ.