ಮೀಟರ್ 12 ವೋಲ್ಟ್ ತೋರಿಸುತ್ತಿತ್ತು, ಬೈಕ್ ಮಾತ್ರ ಸತ್ತಿತ್ತು

ಓಡುತ್ತಿದ್ದ ಬೈಕ್ ಇದ್ದಕ್ಕಿದ್ದಂತೆ ಆಫ್ ಆಯಿತು ಎಂದು ಯಾರಾದರೂ ತಳ್ಳಿಕೊಂಡು ಬಂದರೆ ನಾನು ತಕ್ಷಣ ಸ್ಪ್ಯಾನರ್ ಹಿಡಿಯುವುದಿಲ್ಲ. ಮೊದಲು ಕೇಳುವುದು ಒಂದೇ ಮಾತು: ಇಂಜಿನ್ ಮಾತ್ರ ನಿಂತಿತಾ, ಲೈಟು ಹಾರನ್ನೂ ಹೋದವಾ?

ಲೈಟ್ ಉರಿಯುತ್ತಿದ್ದು ಇಂಜಿನ್ ಮಾತ್ರ ನಿಂತಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ ಇಂಜಿನ್ ಆಫ್ ಸ್ವಿಚ್), ಸೈಡ್ ಸ್ಟ್ಯಾಂಡ್ ಸ್ವಿಚ್, ಫ್ಯೂಯೆಲ್ ಪಂಪ್, ಸ್ಪಾರ್ಕ್ ಕೊಡುವ ಕಾಯಿಲ್ ಕಡೆ ಹೋಗಬೇಕು. ಅದು ಬೇರೆಯೇ ಕಥೆ. ಎಲ್ಲವೂ ಒಂದೇ ಸಲ ಸತ್ತಿದ್ದರೆ ಹುಡುಕುವ ಜಾಗ ತುಂಬಾ ಚಿಕ್ಕದು. ಬ್ಯಾಟರಿ, ಅದರ ಎರಡು ಟರ್ಮಿನಲ್, ಮೇನ್ ಫ್ಯೂಸ್, ಕೀ ಸ್ವಿಚ್, ಬ್ಯಾಟರಿ ನೆಗೆಟಿವ್‌ನಿಂದ ಫ್ರೇಮಿಗೆ ಹೋಗುವ ಅರ್ತ್ ವೈರ್. ಎಲ್ಲ ಕರೆಂಟೂ ಹಾದು ಹೋಗಲೇಬೇಕಾದ ದಾರಿ ಇಷ್ಟೇ.

ಇನ್ನೊಂದು ಪ್ರಶ್ನೆಯೂ ಇದೆ. ಸ್ವಲ್ಪ ಹೊತ್ತಾದ ಮೇಲೆ ತಾನಾಗೇ ಕರೆಂಟ್ ವಾಪಸ್ ಬಂತಾ? ಬಂದಿದ್ದರೆ ಫ್ಯೂಸ್ ಸುಟ್ಟಿಲ್ಲ. ಸುಟ್ಟ ಫ್ಯೂಸ್ ತಾನಾಗೇ ಕೂಡಿಕೊಳ್ಳುವುದಿಲ್ಲ, ಅಲ್ವಾ? ಎಲ್ಲೋ ಒಂದು ಜಾಯಿಂಟ್ ಬಿಟ್ಟೂ ಬಿಡದ ಹಾಗೆ ಕೂತಿದೆ ಎಂದರ್ಥ.

ಇತ್ತೀಚೆಗೆ ಬಂದ ಒಂದು ಬೈಕ್ ಹೀಗೇ ಇತ್ತು. ಓನರ್ ಆಗಲೇ ಹೊಸ ಬ್ಯಾಟರಿ ಹಾಕಿಸಿದ್ದರು. ಎರಡು ದಿನ ಚೆನ್ನಾಗಿತ್ತಂತೆ, ಆಮೇಲೆ ಮತ್ತೆ ಅದೇ ಗೋಳು. ನಮ್ಮ ಗ್ಯಾರೇಜ್ ಹುಡುಗ ಕೀ ಆಫ್ ಇದ್ದಾಗಲೇ ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿದ. ಬ್ಯಾಟರಿಯಲ್ಲಿ 12.6, ಮೇನ್ ಫ್ಯೂಸ್ ದಾಟಿದ ಮೇಲೂ 12.6. "ಫ್ಯೂಸ್ ತನಕ ಸರಿಯಿದೆ, ಕೀ ಸ್ವಿಚ್ಚೇ ಹೋಗಿರಬೇಕು" ಎಂದ. ಕೀ ಆನ್ ಮಾಡಿ ಅದೇ ಜಾಗದಲ್ಲಿ ಇನ್ನೊಮ್ಮೆ ನೋಡು ಎಂದೆ. ಈಗ 3 ವೋಲ್ಟ್ ಕೂಡ ಇರಲಿಲ್ಲ.

ಫ್ಯೂಸ್ ಚೆನ್ನಾಗೇ ಇತ್ತು. ಅದು ಕೂರುವ ಹೋಲ್ಡರ್ ಒಳಗಿನ ಕ್ಲಿಪ್ ಸಡಿಲವಾಗಿ, ಹಸಿರು ಕಿಲುಬು ಹಿಡಿದು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಮೀಟರ್ ಯಾಕೆ ಸುಳ್ಳು ಹೇಳಿತು? ಅದು ಸುಳ್ಳು ಹೇಳಲಿಲ್ಲ, ನಾವು ಕೇಳಿದ ರೀತಿ ಸರಿಯಿರಲಿಲ್ಲ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅಷ್ಟು ಆರಾಮಾಗಿ ದಾಟುತ್ತದೆ. ಆದರೆ 55 ವ್ಯಾಟ್ ಹೆಡ್‌ಲೈಟ್‌ಗೆ ಸುಮಾರು 4.5 ಆಂಪಿಯರ್ ಬೇಕು. ಜಾಯಿಂಟ್‌ನಲ್ಲಿ ಬರೀ 1 ಓಮ್ ತಡೆ ಇದ್ದರೂ 3 ವೋಲ್ಟ್‌ಗಿಂತ ಜಾಸ್ತಿ ಅಲ್ಲೇ ಕಳೆದು ಹೋಗುತ್ತದೆ. ಹೋದ ಆ ವೋಲ್ಟ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಕ್ಲಿಪ್ ಇನ್ನೂ ಸಡಿಲವಾಗುತ್ತದೆ. ಬಾವಿಯ ಹಳೇ ಹಗ್ಗ ಸುಮ್ನೆ ನೇತಾಡುವಾಗ ಗಟ್ಟಿಯಾಗೇ ಕಾಣುತ್ತದೆ, ಕೊಡ ತುಂಬಿದ ಮೇಲೇ ಅದರ ಹಣೆಬರಹ ಗೊತ್ತಾಗುವುದು.

ಹಾಗಾಗಿ ನಾನು ಅಳೆಯುವುದು ವೋಲ್ಟೇಜ್ ಡ್ರಾಪ್, ಅಂದರೆ ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದು ಹೋಗುತ್ತದೆ ಎಂಬುದು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೀ ಮತ್ತು ಹೆಡ್‌ಲೈಟ್ ಆನ್ ಮಾಡುತ್ತೇನೆ. ಮೀಟರಿನ ಕೆಂಪು ಪ್ರೋಬ್ (ಮುಟ್ಟಿಸಿ ನೋಡುವ ಕಡ್ಡಿ) ಬ್ಯಾಟರಿಯ ಪಾಸಿಟಿವ್ ಪೋಸ್ಟ್ ಮೇಲೆ. ಅದಕ್ಕೆ ವೈರ್ ಹಿಡಿಸುವ ಕ್ಲಾಂಪ್ ಮೇಲಲ್ಲ, ಪೋಸ್ಟ್ ಮೇಲೇ, ಯಾಕೆಂದರೆ ಕ್ಲಾಂಪೇ ಕಳ್ಳನಾಗಿರಬಹುದು. ಕಪ್ಪು ಪ್ರೋಬನ್ನು ಒಂದೊಂದೇ ಜಾಯಿಂಟ್ ಮುಂದಕ್ಕೆ ಸರಿಸುತ್ತಾ ಹೋಗುತ್ತೇನೆ. ಒಂದು ಜಾಯಿಂಟ್ ದಾಟುವಾಗ 0.1, 0.2 ವೋಲ್ಟ್ ಬಂದರೆ ಚಿಂತೆಯಿಲ್ಲ. ಎಲ್ಲಿ ಥಟ್ಟನೆ ಜಿಗಿಯುತ್ತದೋ ಕಾಯಿಲೆ ಅಲ್ಲಿದೆ. ನೆಗೆಟಿವ್ ಪೋಸ್ಟ್‌ನಿಂದ ಇಂಜಿನ್ ಬಾಡಿಗೂ, ಫ್ರೇಮಿಗೂ ಹೀಗೇ ನೋಡಬೇಕು. ಅರ್ತ್ ಕಡೆ ನೋಡುವವರು ಕಡಿಮೆ, ತೊಂದರೆ ಮಾತ್ರ ಅಲ್ಲೂ ಬೇಕಾದಷ್ಟು ಇರುತ್ತದೆ. ಮೀಟರ್ ಇಲ್ಲದಿದ್ದರೆ ಒಂದು ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಹಾಕಿಕೊಂಡರೂ ಸಾಕು. ಒಂದನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಜಾಯಿಂಟ್ ದಾಟಿದ ಜಾಗಕ್ಕೆ ಹಿಡಿದಾಗ ಮಂಕಾಗಿ ಉರಿದರೆ ವಿಷಯ ಗೊತ್ತಾಯಿತು.

ಅಳೆಯುವಾಗಲೇ ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ. ಕೀ ಸ್ವಿಚ್ಚಿನ ವೈರು ಸ್ಟೇರಿಂಗ್ ಹತ್ತಿರ ಬಗ್ಗಿ ಬಗ್ಗಿ ಒಳಗೇ ಕಡಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ನೋಡಿದರೆ ಹೊಸದರ ಹಾಗೇ ಇರುತ್ತದೆ.

ಫ್ಯೂಸ್ ನಿಜವಾಗಿ ಸುಟ್ಟಿದ್ದರೆ ಲೆಕ್ಕ ಬೇರೆ. ಎಲ್ಲೋ ವೈರ್ ಉಜ್ಜಿ ಫ್ರೇಮಿಗೆ ತಾಗುತ್ತಿರಬಹುದು, ಅದನ್ನು ಹುಡುಕಬೇಕು. 20 ಆಂಪಿಯರ್ ಫ್ಯೂಸ್ ಜಾಗಕ್ಕೆ 30ರದ್ದು ಹಾಕಿ ಕಳಿಸುವುದನ್ನು ನೋಡಿದ್ದೇನೆ. ಫ್ಯೂಸ್ ಬದಲು ವೈರಿಂಗ್ ಸುಟ್ಟರೆ ಆಯಿತೇ?

ಆ ಬೈಕಿಗೆ ಹೋಲ್ಡರ್ ಬದಲಾಯಿಸಿದೆವು. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ ಹೊಸ ಟರ್ಮಿನಲ್ ಒತ್ತಿದೆವು. ಆಮೇಲೆ ಡ್ರಾಪ್ ಮತ್ತೆ ನೋಡಿದರೆ 0.05. ಚಾರ್ಜಿಂಗ್ ಕೂಡ ನೋಡದೆ ಬಿಡಲಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಸಂಪರ್ಕ ಪದೇ ಪದೇ ತಪ್ಪಿದರೆ ವೋಲ್ಟೇಜ್ ಮೇಲೇರಿ ರೆಗ್ಯುಲೇಟರ್‌ಗೆ (ಚಾರ್ಜಿಂಗ್ ವೋಲ್ಟ್ ಹತೋಟಿಯಲ್ಲಿಡುವ ಭಾಗಕ್ಕೆ) ಪೆಟ್ಟು ಬೀಳಬಹುದು. ರೇಸ್ ಕೊಟ್ಟಾಗ ಬ್ಯಾಟರಿಯಲ್ಲಿ 14.2 ವೋಲ್ಟ್‌ಗೆ ನಿಂತಿತು. 13.8ರಿಂದ 14.5ರ ಒಳಗೆ ಇದ್ದರೆ ಸರಿ. ಹಳೇ ಬ್ಯಾಟರಿ ಎಸೆದಿದ್ದೀರಾ ಎಂದು ಓನರನ್ನು ಕೇಳಿದೆ. ಇಲ್ಲ, ಮನೆಯಲ್ಲೇ ಇದೆ ಎಂದರು. ತಂದು ತೋರಿಸಿ, ಅದು ಚೆನ್ನಾಗೇ ಇರಬಹುದು ಎಂದೆ.